ಹೂವಿಲ್ಲದ ಹನ್ನೊಂದು ವರ್ಷ

ಕುರಿಂಜಿ ನೋಡಬೇಕು, ಯಾವಾಗ ಬರಲಿ ಎಂದು ಯಾರಾದರೂ ಕೇಳಿದರೆ ಹೂವಿಲ್ಲದ ವರ್ಷ ಬನ್ನಿ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಹೂವಿಲ್ಲದ ಮೇಲೆ ನೋಡುವುದಾದರೂ ಏನನ್ನು? ಸೀತಾಳಯ್ಯನಗಿರಿ ದಾಟಿ ಮುಳ್ಳಯ್ಯನಗಿರಿಯ ಕಡೆಗೋ ಬಾಬಾಬುಡನ್‌ಗಿರಿಯ ಕಡೆಗೋ ಹೋಗುವ ದಾರಿಯ ಎಡಬಲಗಳಲ್ಲಿ, ಹುಲ್ಲಿನ ನಡುವೆ ಮೊಣಕಾಲೆತ್ತರದ ಪೊದೆ. ಮರೆಯಿದ್ದ ಕಡೆ ಸೊಂಟದವರೆಗೂ ಬರುತ್ತದೆ. ಎದುರುಬದುರು ಎಲೆ, ಅಂಚಿಗೆ ಸಣ್ಣ ಹಲ್ಲು, ಉಗುರಿನಿಂದ ಗೀರಿದಂತೆ ಎದ್ದು ಕಾಣುವ ನರ. ಕೈಯಾಡಿಸಿದರೆ ಒರಟು. ಪ್ರವಾಸಿಗರು ಅದರ ಮೇಲೇ ಕಾಲೂರಿ ನಿಂತು ಹಿಂದಿನ ಕಣಿವೆಯ ಮಂಜಿಗೆ ಫೋನು ಹಿಡಿಯುತ್ತಾರೆ. ಅವರನ್ನು ಬೈಯುವಂತಿಲ್ಲ. ಹೇಳದಿದ್ದರೆ ಆ ಪೊದೆಯ ಗುರುತು ಯಾರಿಗೂ ಹತ್ತುವುದಿಲ್ಲ.

ನನ್ನ ಹೊಟ್ಟೆಯ ಸಂಕಟವೂ ಅಲ್ಲೇ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಗುಡ್ಡ ನೀಲಿಯಾದಾಗ ಪೇಪರಿನ ಮುಖಪುಟ, ಮಂತ್ರಿಗಳ ಭೇಟಿ, ಪೊಲೀಸ್ ಬಂದೋಬಸ್ತು ಎಲ್ಲವೂ ಇರುತ್ತವೆ. ಹೂ ಉದುರಿದ ಮೇಲೆ ಹನ್ನೊಂದು ವರ್ಷ ಆ ಇಳಿಜಾರಿನ ಕಡೆ ತಿರುಗಿ ನೋಡುವವರಿಲ್ಲ. ಜೆಸಿಬಿ ಬರುವುದು, ಗುಂಡಿ ತೋಡಿ ಸಸಿ ನೆಡುವುದು, ಬೇಲಿ ಏಳುವುದು, ದಾರಿ ಅಗಲವಾಗುವುದು, ಎಲ್ಲವೂ ಆ ಹಸಿರು ವರ್ಷಗಳಲ್ಲೇ. ಮುಂದಿನ ಸಲ ಹೂ ಬಂದಾಗ ಗುಡ್ಡದ ಆ ಭುಜ ಬೋಳಾಗಿದ್ದರೆ, ಅಲ್ಲಿ ಹಿಂದೆ ಹೂವಿತ್ತು ಎಂದು ಹೇಳುವವರು ಉಳಿದಿರುವುದಿಲ್ಲ.

ನಮ್ಮ ಕಡೆಯ ಹಳಬರು ಈ ಜಾತಿಯ ಪೊದೆಗಳಿಗೆಲ್ಲ ಗುರಿಗೆ ಎನ್ನುತ್ತಿದ್ದರು. ನೀಲಕುರಿಂಜಿ ಎಂಬುದು ಆಮೇಲೆ ಪೇಪರು, ಟಿವಿಯ ಮೂಲಕ ನಮ್ಮ ಬಾಯಿಗೆ ಬಂತು. ನಮ್ಮ ಅಜ್ಜಿಗೆ ಇಸವಿಯ ಗೊಡವೆ ಇರಲಿಲ್ಲ. ಮನೆಯ ಲೆಕ್ಕವೆಲ್ಲ ದೊಡ್ಡ ಮಳೆಯ ವರ್ಷ, ಕಾಫಿಗೆ ಬೋರರ್ ಬಿದ್ದ ವರ್ಷ, ಹಳೇ ಮನೆ ಕೆಡವಿದ ವರ್ಷ, ಹೀಗೇ ನಡೆಯುತ್ತಿತ್ತು. ಅವುಗಳ ನಡುವೆ ಗುರಿಗೆ ಹೂ ಬಿಟ್ಟ ವರ್ಷ ಮೈಲಿಗಲ್ಲಿನ ಹಾಗೆ ನಿಂತಿರುತ್ತಿತ್ತು. ‘ನಿನ್ನ ದೊಡ್ಡಪ್ಪ ಹುಟ್ಟಿದ್ದು ಗುರಿಗೆ ಹೂ ಬಿಟ್ಟ ವರ್ಷ ಕಣೋ. ನಿಮ್ಮಪ್ಪ ಅದಾಗಿ ಎರಡು ಕೊಯ್ಲು ಕಳೆದ ಮೇಲೆ’ ಎನ್ನುತ್ತಿದ್ದಳು. ದೊಡ್ಡಪ್ಪನ ಶಾಲೆಯ ದಾಖಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಎಲ್ಲರಿಗೂ ಬರೆಯುವ ಜೂನ್ ಒಂದನೇ ತಾರೀಕು. ಪಿಂಚಣಿಯ ಲೆಕ್ಕಕ್ಕೆ ಅದೇ ನಿಂತಿತು. ಅಜ್ಜಿ ಮಾತ್ರ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಮಗನಿಗೆ ಒಂದು ವರ್ಷ ಹೆಚ್ಚಾಗಿದೆ ಎಂಬುದು ಅವಳ ತಕರಾರು.

ಇದು ನಮ್ಮ ಮನೆಯೊಂದರ ಚಾಳಿಯಲ್ಲ. ಮುನ್ನಾರಿನ ಬೆಟ್ಟಗಳ ಮುದುವಾನರು, ಪಳನಿ ಬೆಟ್ಟದ ಪಳಿಯರು ವಯಸ್ಸು ಎಣಿಸಿದ್ದೂ ಕುರಿಂಜಿಯಿಂದಲೇ. ಎಷ್ಟು ಹೂ ಕಂಡಿದ್ದೀಯ ಎಂದರೆ ಎಷ್ಟು ವಯಸ್ಸು ಎಂದು ಕೇಳಿದಂತೆ. ಐದು ಹೂ ಕಂಡವನು ಹಿರಿಯ, ಆರು ಕಂಡವನು ಊರಿಗೇ ಅಜ್ಜ. ತಮಿಳಿನ ಪ್ರಾಚೀನ ಸಂಗಂ ಕವಿಗಳು ನೆಲವನ್ನು ಐದು ಬಗೆಯಾಗಿ ವಿಂಗಡಿಸಿದಾಗ ಬೆಟ್ಟದ ಸೀಮೆಗೆ ಈ ಹೂವಿನ ಹೆಸರನ್ನೇ ಇಟ್ಟರು. ನೀಲಗಿರಿಗೆ ಆ ಹೆಸರು ಬಂದದ್ದೇ ಇದರಿಂದ ಎನ್ನುವವರೂ ಇದ್ದಾರೆ. ಆ ಬೆಟ್ಟಸಾಲು ದೂರಕ್ಕೆ ಹೇಗಿದ್ದರೂ ನೀಲಿಯಾಗಿಯೇ ಕಾಣುತ್ತದೆ, ಆದ್ದರಿಂದ ಆ ವಾದಕ್ಕೆ ನಾನು ಇಳಿಯುವುದಿಲ್ಲ.

ಹೂ ಬಿಟ್ಟ ವರ್ಷದ ಜೇನಿನ ವಿಷಯ ಬೇರೆಯೇ. ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತೋಟದ ಸುತ್ತಲಿನ ತುಡುವೆಗಳೆಲ್ಲ ಗುಡ್ಡಕ್ಕೆ ಮುಖ ಮಾಡುತ್ತಿದ್ದವು. ಬಂಡೆಯ ಮಗ್ಗುಲಲ್ಲಿ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಒಂದು ಹೂವನ್ನು ಹತ್ತಿರದಿಂದ ನೋಡಿದರೆ ಇದರ ಗುಟ್ಟು ಗೊತ್ತಾಗುತ್ತದೆ. ಬೆರಳಿನ ಮೊದಲ ಗೆಣ್ಣಿನಷ್ಟು ಉದ್ದದ ಗಂಟೆ, ಬಾಯಿ ಐದು ಎಸಳಾಗಿ ಹೊರಕ್ಕೆ ಮಡಿಚಿರುತ್ತದೆ. ಅರಳಿದಾಗ ತೆಳು ನೀಲಿ, ಹಳತಾಗುತ್ತ ನೇರಳೆಗೆ ತಿರುಗುತ್ತದೆ. ತೊಟ್ಟಿನಿಂದ ತೊಟ್ಟಿಗೆ ತೆನೆಯಂತೆ ಒತ್ತಾಗಿ ಕೂತಿರುವುದರಿಂದ ಒಂದೇ ಕಡ್ಡಿಯಲ್ಲಿ ಮೊಗ್ಗು, ಹೊಸ ಹೂ, ಬಾಡಿದ್ದು ಮೂರೂ ಸಿಗುತ್ತವೆ. ಜೇನ್ನೊಣ ಗಂಟೆಯೊಳಗೆ ಪೂರ್ತಿ ನುಗ್ಗುತ್ತದೆ, ಹೊರಗೆ ಹಿಂಗಾಲು ಮಾತ್ರ ಕಾಣುತ್ತದೆ. ಹಿಮ್ಮುಖವಾಗಿ ಈಚೆ ಬರುವಾಗ ಅದರ ಬೆನ್ನಿಗೆ ಪರಾಗದ ಪುಡಿ ಅಂಟಿರುತ್ತದೆ. ಅಜ್ಜ ಆ ವರ್ಷದ ಜೇನನ್ನು ಬೇರೆ ಬಾಟಲಿಗೆ ತುಂಬಿಸಿ, ಬಿರಡೆ ಒತ್ತಿ, ದೇವರ ಗೂಡಿನ ಕೆಳಗೆ ಇಡಿಸುತ್ತಿದ್ದ. ಮಕ್ಕಳ ಕೆಮ್ಮಿಗೆ, ಬಾಣಂತಿಗೆ ಅಷ್ಟೇ. ಬೆಳಗಿನ ದೋಸೆಗೆ ಕೇಳಿದರೆ ಕಣ್ಣಲ್ಲೇ ಗದರುತ್ತಿದ್ದ.

ಈಗ ಘಾಟಿಯ ತಿರುವುಗಳಲ್ಲಿ ಕುರಿಂಜಿ ಜೇನು ವರ್ಷವಿಡೀ ಸಿಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಹೂವಿನ ಜೇನು ಪ್ರತಿ ಶನಿವಾರ ಹೇಗೆ ಬರುತ್ತದೆ ಎಂದು ಮಾರುವವನನ್ನು ಕೇಳಿದೆ. ‘ಸಾರ್, ಒಂದಲ್ಲ ಒಂದು ಗುಡ್ಡದಲ್ಲಿ ಬಿಟ್ಟೇ ಬಿಟ್ಟಿರುತ್ತೆ’ ಎಂದ. ಸುಳ್ಳೆಂದು ತಳ್ಳಿಹಾಕಲೂ ಆಗಲಿಲ್ಲ. ಕುರಿಂಜಿಯ ಬಳಗ ದೊಡ್ಡದು. ಪಶ್ಚಿಮಘಟ್ಟದಲ್ಲಿ ಅದರ ಹತ್ತಾರು ಬಗೆಗಳಿವೆ. ಕೆಲವು ವರ್ಷಾ ಹೂ ಬಿಡುತ್ತವೆ, ಕೆಲವು ಏಳೆಂಟು ವರ್ಷಕ್ಕೆ, ಕೆಲವಕ್ಕೆ ಹದಿನಾರು ಬೇಕು. ಹನ್ನೆರಡು ವರ್ಷ ಕಾಯಿಸುವ ನೀಲಕುರಿಂಜಿಗೂ ಒಂದೊಂದು ಬೆಟ್ಟದಲ್ಲಿ ಒಂದೊಂದು ಪಂಚಾಂಗ. ಮುನ್ನಾರಿನಲ್ಲಿ 2018ರಲ್ಲಿ ಬಿಟ್ಟಿತು. ಕೊಡಗಿನ ಮಾಂದಲಪಟ್ಟಿ, ಕೋಟೆಬೆಟ್ಟಗಳಲ್ಲಿ 2021ರಲ್ಲಿ ಕುರಿಂಜಿ ಅರಳಿದ ಸುದ್ದಿಯಾಯಿತು. ನಮ್ಮ ಗಿರಿಯಲ್ಲಿ ದೊಡ್ಡದಾಗಿ ಬಂದದ್ದು 2022ರಲ್ಲಿ. 2024ರಲ್ಲಿ ನೀಲಗಿರಿಯ ಇಳಿಜಾರುಗಳ ಸರದಿ. ಜೇನು ಮಾರುವವನಿಗೆ ಇಷ್ಟೆಲ್ಲ ತಿಳಿದಿರದಿದ್ದರೂ ಅವನ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಬಾಟಲಿಯಲ್ಲಿದ್ದ ಬೆಲ್ಲದ ಪಾಕಕ್ಕೆ ಅಷ್ಟೂ ಇರಲಿಲ್ಲ.

ಈ ಗಿಡದ ಬಾಳುವೆ ನಮ್ಮ ಹಿತ್ತಲಿನ ಹೂಗಿಡಗಳಂಥದ್ದಲ್ಲ. ದಾಸವಾಳ, ಮಲ್ಲಿಗೆ ವರ್ಷವರ್ಷ ಬಿಟ್ಟು, ಸವರಿದರೆ ಮತ್ತೆ ಚಿಗುರುತ್ತವೆ. ಕುರಿಂಜಿ ಹನ್ನೊಂದು ವರ್ಷ ಎಲೆ, ಕಾಂಡ, ಬೇರು ಎಂದು ಒಳಗೊಳಗೇ ಕೂಡಿಹಾಕುತ್ತದೆ. ಹನ್ನೆರಡನೆಯ ವರ್ಷ ಇದ್ದದ್ದನ್ನೆಲ್ಲ ಹೂವಿಗೆ ಸುರಿಯುತ್ತದೆ. ಕಾಯಿ ಬಲಿತ ಮೇಲೆ ಬುಡಸಮೇತ ಸಾಯುತ್ತದೆ. ಬಿದಿರಿನ ವಿಷಯದಲ್ಲಿ ನಮಗೆ ಇದರ ಪರಿಚಯ ಇದೆ. ಮೆಳೆಗೆ ಮೆಳೆಯೇ ಹೂ ಬಿಟ್ಟು ಒಣಗುವುದನ್ನು, ಬಿದಿರಕ್ಕಿ ಉದುರಿದ ವರ್ಷ ಇಲಿಗಳು ಊರಿಗೆ ನುಗ್ಗುವುದನ್ನು ಮಲೆನಾಡು ಚೆನ್ನಾಗಿ ಕಂಡಿದೆ. ಎಲ್ಲ ಒಟ್ಟಿಗೇ ಏಕೆ ಎಂಬ ಪ್ರಶ್ನೆಗೆ ಅಮೆರಿಕದ ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್ 1976ರಲ್ಲಿ ಬಿದಿರನ್ನು ಮುಂದಿಟ್ಟುಕೊಂಡು ಒಂದು ಉತ್ತರ ಕೊಟ್ಟರು. ವರ್ಷಾ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಹುಳು, ಇಲಿ, ಹಕ್ಕಿ ಎಲ್ಲವನ್ನೂ ಮುಗಿಸಿಬಿಡುತ್ತವೆ. ಬಹುಕಾಲ ಏನೂ ಕೊಡದೆ ಅವುಗಳ ಸಂಖ್ಯೆ ಹೆಚ್ಚದಂತೆ ನೋಡಿಕೊಂಡು, ಒಮ್ಮೆಲೇ ಗುಡ್ಡದ ತುಂಬ ಚೆಲ್ಲಿದರೆ ತಿಂದು ತಿಂದು ಸುಸ್ತಾಗುತ್ತವೆ, ಮಿಕ್ಕದ್ದು ಮೊಳೆಯುತ್ತದೆ. ಗುಂಪು ದೊಡ್ಡದಿದ್ದಷ್ಟೂ ಈ ಉಪಾಯ ಫಲಿಸುತ್ತದೆ. ಗುಡ್ಡದ ತುಂಬ ಇದ್ದದ್ದು ನಾಲ್ಕು ಗುಂಪಾಗಿ ಹರಿದುಹೋದರೆ, ಆ ನಾಲ್ಕು ಗುಂಪಿನ ಬೀಜ ತಿಂದು ಮುಗಿಸುವುದು ಇಲಿಗೆ ಕಷ್ಟವೇನಲ್ಲ.

ಹೂವಿನ ವರ್ಷದ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ಅದರ ಮರುವರ್ಷ ಮೇಲೆ ಹೋದವರು ಕಡಿಮೆ. ನನಗೆ ಹೂವಿಗಿಂತ ಆ ಮರುವರ್ಷವೇ ಹೆಚ್ಚು ನೆನಪಿದೆ. ಬೇಸಿಗೆಯಲ್ಲಿ ಇಡೀ ಇಳಿಜಾರು ಬೂದಿ ಬಣ್ಣದ ಕಡ್ಡಿ. ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತಿತ್ತು. ಕೆಳಗಿನ ಲೈನು ಮನೆಗಳ ಹೆಂಗಸರು ಅದನ್ನು ಹೊರೆ ಕಟ್ಟಿ ಒಲೆ ಹೊತ್ತಿಸಲು ಒಯ್ಯುತ್ತಿದ್ದರು. ಬಿಸಿಲೇರಿದಾಗ ಅಲ್ಲಲ್ಲಿ ಚಟ್ ಚಟ್ ಸದ್ದು. ಕನಕಾಂಬರದ ಒಣಕಾಯಿಗೆ ನೀರು ಚಿಮುಕಿಸಿದರೆ ಸಿಡಿಯುವುದು ಹೂ ಬೆಳೆಯುವವರಿಗೆಲ್ಲ ಗೊತ್ತು. ಕುರಿಂಜಿಯೂ ಅದೇ ಮನೆತನದ್ದು, ಆಡುಸೋಗೆಯೂ ಅದೇ. ಕಾಯಿ ಎರಡಾಗಿ ಸೀಳಿ, ಒಳಗಿನ ಕೊಕ್ಕೆ ಬೀಜವನ್ನು ಕವಣೆಯ ಹಾಗೆ ಎಸೆಯುತ್ತದೆ. ಎಸೆದದ್ದು ಎಷ್ಟು ದೂರ ಹೋದೀತು? ಬೀಜಕ್ಕೆ ರೆಕ್ಕೆಯಿಲ್ಲ, ಹಕ್ಕಿ ನುಂಗಿ ಒಯ್ಯುವ ತಿರುಳಿಲ್ಲ. ತಾಯಿಯ ಬುಡದ ಸುತ್ತಮುತ್ತಲೇ ಬೀಳುತ್ತದೆ. ಮುಂಗಾರು ಹಿಡಿದ ಮೇಲೆ ಆ ಸತ್ತ ಕಡ್ಡಿಗಳ ನಡುವೆ ನೆಲ ಕಾಣದಷ್ಟು ಎರಡೆಲೆಯ ಸಸಿ ಏಳುತ್ತಿತ್ತು. ಕಾಲಿಡಲು ಜಾಗ ಹುಡುಕಿಕೊಂಡು ನಡೆಯಬೇಕಿತ್ತು. ಆ ಸಸಿಯ ಮೇಲೆ ಅದೇ ವರ್ಷ ರಸ್ತೆಯ ಮಣ್ಣು ಬಿದ್ದರೆ, ಫೆಬ್ರವರಿಯ ಕಾಳ್ಗಿಚ್ಚು ಹಾದರೆ, ಜೀಪು ಓಡಿದರೆ, ಮುಂದಿನ ಹನ್ನೆರಡು ವರ್ಷ ಅಲ್ಲಿ ಮುಗಿದಂತೆ. ಪಕ್ಕದ ಗುಡ್ಡದಿಂದ ಬಂದು ತುಂಬಿಕೊಳ್ಳುವ ಗಿಡವಲ್ಲ ಇದು.

ಮುನ್ನಾರಿನ ಕಥೆಯಲ್ಲಿ ಇದೆಲ್ಲ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆ ಸೀಮೆಯ ಹೂವಿನ ಲೆಕ್ಕ 1838ರಿಂದ ಸಿಗುತ್ತದೆ. ಹನ್ನೆರಡು ಹನ್ನೆರಡಾಗಿ ಕೂಡಿಸುತ್ತ ಬಂದರೆ 1982, 1994, 2006, 2018. ಆ ಮೊದಲ ಲೆಕ್ಕದ ಹೊತ್ತಿಗೆ ಬೆಟ್ಟದ ನೆತ್ತಿಯೆಲ್ಲ ಹುಲ್ಲು, ಮಡಿಲುಗಳಲ್ಲಿ ಶೋಲಾ ಕಾಡು. 1877ರಲ್ಲಿ ಪೂಂಜಾರಿನ ಅರಸು ಮನೆತನದಿಂದ ಜಾನ್ ಡೇನಿಯಲ್ ಮನ್ರೊ ಕಣ್ಣನ್ ದೇವನ್ ಬೆಟ್ಟಗಳ ಗುತ್ತಿಗೆ ಪಡೆದ. ಮುಂದಿನ ದಶಕಗಳಲ್ಲಿ ಚಹಾ ಬಂತು. ಇಂದು ಮುನ್ನಾರು ಎಂದರೆ ಪೋಸ್ಟ್‌ಕಾರ್ಡಿನಲ್ಲಿ ಕಾಣುವುದು ಬಾಚಿ ಇಟ್ಟಂತಹ ಚಹಾ ಗುಡ್ಡ. ಚಂದವೇನೋ ಹೌದು. ಆ ಚಂದದ ಅಡಿಯಲ್ಲಿ ಎಷ್ಟು ಕುರಿಂಜಿ ಹೋಯಿತೆಂದು ಅಳೆದವರಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಇರವಿಕುಳಂನಲ್ಲಿದೆ. ವರೈಯಾಡಿನ ಸಲುವಾಗಿ, ಅಂದರೆ ನೀಲಗಿರಿಯ ಆ ಕಾಡುಮೇಕೆಯ ಸಲುವಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜಾಗ ಅದು. ಮೇಕೆಗೆ ಬೇಕಾದ ಹುಲ್ಲುಗಾವಲನ್ನು ಉಳಿಸಲು ಹೋಗಿ ಹೂವೂ ಬದುಕಿಕೊಂಡಿತು.

ಹೂವಿಗಾಗಿಯೇ ದನಿ ಎತ್ತಿದವರು ಆಮೇಲೆ ಬಂದರು. 1989ರಲ್ಲಿ ಕುರಿಂಜಿ ಉಳಿಸಿ ಎಂದು ಕೊಡೈಕನಾಲಿನಿಂದ ಮುನ್ನಾರಿಗೆ ಜನ ಬೆಟ್ಟ ಹತ್ತಿಳಿದು ನಡೆದರು. ಇಸವಿಯನ್ನು ಗಮನಿಸಬೇಕು. 1982ರ ಹೂ ಮುಗಿದು ಏಳು ವರ್ಷ, 1994ಕ್ಕೆ ಇನ್ನೂ ಐದು. ದಾರಿಯುದ್ದಕ್ಕೂ ತೋರಿಸಲು ಅವರ ಕೈಯಲ್ಲಿದ್ದದ್ದು ಬರೀ ಎಲೆ. ಕುರಿಂಜಿಗಾಗಿ ಆದ ಕೆಲಸಗಳಲ್ಲಿ ನನಗೆ ತೀರ ಇಷ್ಟವಾದದ್ದು ಆ ನಡಿಗೆ, ಹಸಿರು ವರ್ಷದಲ್ಲಿ ನಡೆದರು ಎಂಬ ಒಂದೇ ಕಾರಣಕ್ಕೆ. ಅದರ ಫಲ 2006ರ ಹೂವಿನೊಂದಿಗೆ ಬಂತು. ಕೇರಳ ಸರ್ಕಾರ ದೇವಿಕುಳಂ ತಾಲ್ಲೂಕಿನ ವಟ್ಟವಡ, ಕೊಟ್ಟಕಾಂಬೂರುಗಳಲ್ಲಿ ಸುಮಾರು 3,200 ಹೆಕ್ಟೇರನ್ನು ಕುರಿಂಜಿಮಲ ಅಭಯಾರಣ್ಯವೆಂದು ಘೋಷಿಸಿತು. ಅದೇ ವರ್ಷ ಅಂಚೆ ಇಲಾಖೆ ಕುರಿಂಜಿಯ ಅಂಚೆಚೀಟಿ ಹೊರತಂದಿತು. ಅಂಚೆಚೀಟಿ ತಕ್ಷಣ ಅಚ್ಚಾಯಿತು. ಅಭಯಾರಣ್ಯದ ಗಡಿ ಮಾತ್ರ ಮುಂದಿನ ಹೂವಿನ ಹೊತ್ತಿಗೂ ಇತ್ಯರ್ಥವಾಗಿರಲಿಲ್ಲ. ಒಳಗೆ ಪಟ್ಟಾ ಜಮೀನುಗಳಿದ್ದವು, ಯೂಕಲಿಪ್ಟಸ್ ತೋಪುಗಳಿದ್ದವು, ತರಕಾರಿ ಬೆಳೆದು ಬದುಕುವ ರೈತರಿದ್ದರು. ಅವರ ಹಕ್ಕನ್ನು ಬದಿಗೆ ಸರಿಸಿ ಹೂವಿನ ಪರ ಕೂಗುವುದು ನನ್ನಿಂದಾಗದ ಕೆಲಸ. ಆದರೂ ಹನ್ನೆರಡು ವರ್ಷ ದೊಡ್ಡ ಕಾಲ. ಒಂದು ಗಿಡ ಅಷ್ಟರಲ್ಲಿ ಹುಟ್ಟಿ, ಬೆಳೆದು, ಹೂ ಬಿಟ್ಟು, ಸತ್ತು ತನ್ನ ಕೆಲಸ ಮುಗಿಸುತ್ತದೆ.

2018ರ ಹೂವಿಗೆ ಮುನ್ನಾರು ಭಾರೀ ತಯಾರಿ ನಡೆಸಿತ್ತು. ಆಗಸ್ಟ್‌ನಲ್ಲಿ ಮಳೆ ಸುರಿಯಿತು. ಕೇರಳ ಮುಳುಗಿತು, ನಮ್ಮ ಕೊಡಗಿನ ಗುಡ್ಡಗಳು ಕುಸಿದವು, ಮುನ್ನಾರಿನ ರಸ್ತೆಗಳು ಕಡಿದುಹೋದವು. ಹೂ ತಡವಾಗಿ, ಅಲ್ಲಲ್ಲಿ ಚದುರಿದಂತೆ ಬಂತು. ನೋಡುವವರು ಬಂದದ್ದೂ ಕಡಿಮೆ.

ಚಹಾ, ಕಾಫಿ, ರೆಸಾರ್ಟುಗಳನ್ನು ಬೈಯುವುದು ಸುಲಭ. ಕುರಿಂಜಿಯ ಅತಿ ದೊಡ್ಡ ಶತ್ರು ಮರ ಎಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರಿಗೆ ನೀಲಗಿರಿಯ ಹುಲ್ಲುಗುಡ್ಡಗಳು ಪಾಳುಭೂಮಿಯಾಗಿ ಕಂಡವು. ಚಳಿಗೆ ಸೌದೆ ಬೇಕು, ಚರ್ಮ ಹದ ಮಾಡಲು ತೊಗಟೆ ಬೇಕು. ಆಸ್ಟ್ರೇಲಿಯಾದಿಂದ ವಾಟಲ್, ಯೂಕಲಿಪ್ಟಸ್ ತರಿಸಿ ನೆಟ್ಟರು. ಸ್ವಾತಂತ್ರ್ಯದ ನಂತರ ನಮ್ಮವರು ಕಾಗದ, ರೇಯಾನ್ ಕಾರ್ಖಾನೆಗಳಿಗೆಂದು ಅದೇ ಕೆಲಸವನ್ನು ಇನ್ನಷ್ಟು ಹುರುಪಿನಿಂದ ಮುಂದುವರಿಸಿದರು, ಪೈನನ್ನೂ ಸೇರಿಸಿದರು. ವಾಟಲ್ ಒಮ್ಮೆ ಕಾಲೂರಿದರೆ ಬಿಡುವ ಪೈಕಿಯಲ್ಲ. ಕಡಿದರೆ ಬುಡದಲ್ಲಿ ಬಿದ್ದ ಬೀಜ ಮೊಳೆಯುತ್ತದೆ, ಬೆಂಕಿ ಬಿದ್ದರೆ ಇನ್ನೂ ಹೆಚ್ಚು ಮೊಳೆಯುತ್ತದೆ. ಅದರ ನೆರಳಿನಲ್ಲಿ ಬಿಸಿಲು ಬೇಡುವ ಕುರಿಂಜಿ, ಹುಲ್ಲು ಎರಡೂ ಉಳಿಯುವುದಿಲ್ಲ. ನಾಲ್ಕು ದಶಕಗಳ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಸಂಶೋಧಕರು ಕಂಡದ್ದೂ ಇದನ್ನೇ. ನೀಲಗಿರಿ, ಪಳನಿ, ಆನೈಮಲೆಗಳಲ್ಲಿ ಶೋಲಾ ಕಾಡು ಬಹುಮಟ್ಟಿಗೆ ಹಾಗೇ ಇದೆ, ಕರಗಿದ್ದು ಹುಲ್ಲುಗಾವಲು. ದೂರದಿಂದ ನೋಡಿದವರಿಗೆ ಗುಡ್ಡ ಮೊದಲಿಗಿಂತ ಹಸಿರಾಗಿದೆ.

ನಮ್ಮ ಕಡೆಯೂ ಈ ಕುರುಡು ಇದೆ. ವನಮಹೋತ್ಸವದ ದಿನ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಬೋಳುಗುಡ್ಡದಲ್ಲಿ ಸಸಿ ನೆಡಿಸಿದ ಫೋಟೊ ಪೇಪರಿನಲ್ಲಿ ಬಂದಾಗ ಊರೆಲ್ಲ ಮೆಚ್ಚಿತ್ತು. ಗುಂಡಿ ತೋಡಿದ ಜಾಗದಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ. ಆ ಹುಲ್ಲು ಬೋಳಲ್ಲ. ಮಳೆಗಾಲದ ನೀರನ್ನು ಬೇರಿನಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ತೊಟ್ಟಿಕ್ಕಿಸುವುದು ಅದೇ. ಬಾಬಾಬುಡನ್ ಬೆಟ್ಟದ ಪೂರ್ವದ ಇಳಿಜಾರಿನಿಂದ ವೇದಾ, ಆವತಿ ಎಂಬ ಎರಡು ಹೊಳೆಗಳು ಇಳಿದು ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಅದೇ ನೀರು ಮುಂದೆ ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಚಿತ್ರದುರ್ಗದ ಕಡೆಯ ರೈತ ಕುರಿಂಜಿಯನ್ನು ಕಂಡಿರಲಿಕ್ಕಿಲ್ಲ. ಅವನ ಕಾಲುವೆಗೆ ನೀರು ಬರುವ ದಾರಿಯ ತುದಿಯಲ್ಲಿ ಅದು ನಿಂತಿದೆ.

2022ರ ಸೆಪ್ಟೆಂಬರ್ ಕೊನೆಗೆ ನಮ್ಮ ಗಿರಿ ನೀಲಿಯಾದಾಗ ಆದ ಗಲಾಟೆ ಚಿಕ್ಕಮಗಳೂರಿನವರಿಗೆಲ್ಲ ನೆನಪಿರಬೇಕು. ಕೈಮರದಿಂದ ಮೇಲಕ್ಕೆ ವಾಹನಗಳ ಸಾಲು. ಇಬ್ಬರು ಎದುರಾದರೆ ಒಬ್ಬರು ಅಂಚಿಗೆ ಸರಿಯಬೇಕಾದ ಕಿರಿದಾದ ದಾರಿಯಲ್ಲಿ ಟೆಂಪೊ ಟ್ರಾವೆಲರ್ ಹಿಂದೆ ಮುಂದೆ ಹೋಗದೆ ನಿಂತಿತ್ತು. ಬೆಂಗಳೂರಿನಿಂದ ರಾತ್ರಿಯೇ ಹೊರಟು ಬಂದವರು, ಹಾಸನ, ಶಿವಮೊಗ್ಗ, ದಾವಣಗೆರೆಯ ಸಂಸಾರಗಳು. ಸೀರೆ ಉಟ್ಟು ಹೂವಿನ ನಡುವೆ ಕೂತು ಫೋಟೊ ತೆಗೆಸಿಕೊಂಡ ಹುಡುಗಿಯರು. ಒಬ್ಬ ತಂದೆ ಮಗಳಿಗೆ ಮುಡಿಸಲೆಂದು ಇಡೀ ಕಡ್ಡಿಯನ್ನೇ ಮುರಿದ. ಕೆಳಗೆ ಇಳಿಯುವ ಹೊತ್ತಿಗೆ ಹೂವೆಲ್ಲ ಜೋಲುಬಿದ್ದು ಬಣ್ಣಗೆಟ್ಟಿತ್ತು, ಕಾರಿನ ಕಿಟಕಿಯಿಂದ ಹೊರಗೆ ಬಿತ್ತು. ನಮ್ಮಂಥವರು ಮೂಗು ಮುರಿಯುವುದು ಇಂಥ ಹೊತ್ತಿನಲ್ಲೇ. ನಾನೂ ಮುರಿದೆ. ಆಮೇಲೆ ಒಬ್ಬ ಮುದುಕಿಯನ್ನು ಕಂಡೆ. ತರೀಕೆರೆಯ ಕಡೆಯವಳು, ಮೊಮ್ಮಗನ ಕೈ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ‘ಹುಡುಗಿಯಾಗಿದ್ದಾಗ ನೋಡಿದ್ದೆ ಕಣಪ್ಪ. ಆಮೇಲೆ ಮದುವೆ, ಮಕ್ಕಳು, ಮನೆ, ಬರೋಕೆ ಆಗಲೇ ಇಲ್ಲ. ಇನ್ನೊಂದು ಸಲ ಇರ್ತೀನೋ ಇಲ್ವೋ’ ಎಂದಳು. ಅಷ್ಟು ಜನರ ನಡುವೆ ಅವಳಿಗೂ ಒಂದು ಸೀಟು ಸಿಕ್ಕಿದ್ದು ಆ ಗಲಾಟೆಯಿಂದಲೇ.

ಕಾನೂನು ಸ್ವಲ್ಪ ಎಚ್ಚೆತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ನೀಲಕುರಿಂಜಿ ಮೂರನೇ ಅನುಸೂಚಿಯ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿದೆ. ಕೀಳುವುದು, ಮಾರುವುದು ಈಗ ಅಪರಾಧ. 2024ರಲ್ಲಿ ಐಯುಸಿಎನ್‌ನ ಕೆಂಪು ಪಟ್ಟಿಗೂ ಅಪಾಯಕ್ಕೆ ಗುರಿಯಾಗಬಲ್ಲ ಸಸ್ಯವೆಂದು ಅದರ ಹೆಸರು ಬಂತು. ಆ ಮೌಲ್ಯಮಾಪನದ ಪ್ರಕಾರ ಒಟ್ಟು 34 ನೆಲೆಗಳು ಉಳಿದಿವೆ. ಒಂದು ಮಾತ್ರ ಪೂರ್ವಘಟ್ಟದ ಏರ್ಕಾಡಿನಲ್ಲಿ, ಮಿಕ್ಕ 33 ಪಶ್ಚಿಮಘಟ್ಟದಲ್ಲಿ. ಹೂ ಕಿತ್ತವನನ್ನು ಹಿಡಿಯುವುದು ಈ ಕಾನೂನಿಗೆ ಸುಲಭ, ಏಕೆಂದರೆ ಕಳ್ಳನ ಕೈಯಲ್ಲಿ ನೀಲಿ ಇರುತ್ತದೆ. ಹೂವಿಲ್ಲದ ಏಳನೇ ವರ್ಷ ಪೊದೆಯನ್ನು ಬುಡಸಮೇತ ಕೆರೆದು ಮಣ್ಣಿನಡಿ ಹಾಕಿದರೆ ಅದು ಕುರಿಂಜಿಯೆಂದು ಗುರುತು ಹಿಡಿದು ದೂರು ಕೊಡಬೇಕಾದವರು ಯಾರು? ಹಿಂದಾದರೆ ದನ ಕಾಯುವ ಹುಡುಗರಿದ್ದರು, ಸೌದೆಗೆ ಹೋಗುವ ಹೆಂಗಸರಿದ್ದರು, ಜೇನು ಕೀಳುವವರಿದ್ದರು. ಗುಡ್ಡದ ಯಾವ ಮಗ್ಗುಲಲ್ಲಿ ಯಾವ ಪೊದೆ ಎಂಬುದು ಅವರಿಗೆ ಬಾಯಿಪಾಠ. ದನಗಳೇ ಇಲ್ಲದ ಮೇಲೆ ಕಾಯುವ ಹುಡುಗ ಎಲ್ಲಿಂದ ಬರಬೇಕು? ಅವರ ಮೊಮ್ಮಕ್ಕಳು ಜೀಪು ಓಡಿಸುತ್ತಾರೆ, ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತಾರೆ. ಬದುಕು ಮೊದಲಿಗಿಂತ ಹಗುರಾಗಿದೆ, ಅದು ಒಳ್ಳೆಯದೇ. ಆದರೆ ಹಸಿರು ವರ್ಷದ ಕುರಿಂಜಿಗೆ ಅವರಂಥ ಸಾಕ್ಷಿ ಈಗ ಇಲ್ಲ.

ಮನುಷ್ಯನ ನೆನಪು ಇಂಥ ಹೂವಿಗೆ ತಕ್ಕದ್ದೂ ಅಲ್ಲ. ವರ್ಷಾ ಬರುವ ಹಲಸು ಈ ಸಲ ಕಡಿಮೆಯಾದರೆ ಗೊತ್ತಾಗುತ್ತದೆ, ಹೋದ ವರ್ಷದ್ದು ಕಣ್ಣೆದುರಿಗಿರುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವುದಕ್ಕೆ ಹೋಲಿಕೆ ಎಲ್ಲಿಂದ ತರುವುದು? ಒಬ್ಬರ ಆಯುಸ್ಸಿನಲ್ಲಿ ಐದಾರು ಸಲ. ಮೊದಲನೆಯದು ಅಮ್ಮನ ಸೊಂಟದ ಮೇಲೆ, ಅದು ಲೆಕ್ಕಕ್ಕಿಲ್ಲ. ಇನ್ನೊಂದು ಪರೀಕ್ಷೆಯೋ ಕೆಲಸದ ಹುಡುಕಾಟವೋ ಎಂದು ತಪ್ಪಿಹೋಗುತ್ತದೆ. ಕೊನೆಯದಕ್ಕೆ ಮಂಡಿ ಬಿಡುವುದಿಲ್ಲ. ಮಿಕ್ಕ ಎರಡೋ ಮೂರೋ ನೋಟಗಳನ್ನು ಇಟ್ಟುಕೊಂಡು ಹೆಚ್ಚೋ ಕಡಿಮೆಯೋ ಎಂದು ವಾದಿಸುತ್ತೇವೆ. 2022ರಲ್ಲಿ ಮೊದಲ ಬಾರಿ ಕಂಡ ಹುಡುಗನಿಗೆ ಅಲ್ಲಿ ಕಂಡಷ್ಟೇ ಪೂರ್ತಿ ಗುಡ್ಡ. ನನಗೆ ಅದು ಅರ್ಧ. ನಮ್ಮಜ್ಜಿ ಇದ್ದಿದ್ದರೆ ಇದೇನು ಎರಡು ಚೂರು ಎನ್ನುತ್ತಿದ್ದಳೋ ಏನೋ.

ಈ ಮಾತು ಪಕ್ಕದ ತೋಟದ ಗೌಡರ ಹತ್ತಿರ ಬಂದಾಗೆಲ್ಲ ಜಗಳದಲ್ಲಿ ಮುಗಿಯುತ್ತದೆ. ಮೇಲಿನ ರಸ್ತೆಯ ಒಂದು ದೊಡ್ಡ ತಿರುವಿನಲ್ಲಿ ಎಡಕ್ಕೆ ಒಂದು ಇಳಿಜಾರಿತ್ತು. ಈಗ ಅಲ್ಲಿ ಹೆಂಚಿನ ಮಾಡಿನ ನಾಲ್ಕು ಕಾಟೇಜುಗಳಿವೆ, ಮುಂದೆ ಇಂಟರ್‌ಲಾಕ್ ಹಾಸಿದ ಪಾರ್ಕಿಂಗ್, ಸುತ್ತ ಸಿಲ್ವರ್ ಓಕ್. ಆ ಇಳಿಜಾರು ಪೂರ್ತಿ ನೀಲಿಯಿತ್ತು ಎಂದು ನಾನು. ‘ಇಲ್ಲ ಮಾರಾಯ್ರೆ, ಅಲ್ಲಿ ಬರೀ ಹುಲ್ಲು. ಹೂವಿದ್ದದ್ದು ಅದರ ಮೇಲಿನ ದಿಣ್ಣೆಯಲ್ಲಿ. ನೀವು ಆಗ ಚಿಕ್ಕವರು, ನಿಮಗೆ ಎಲ್ಲ ನೀಲಿ ಕಂಡಿರಬೇಕು’ ಎಂದು ಅವರು. ಅವರು ನನಗಿಂತ ಒಂದು ಹೂವಿನಷ್ಟು ದೊಡ್ಡವರು, ಹಾಗಾಗಿ ಗಟ್ಟಿಯಾಗಿ ಎದುರಾಡುವುದಕ್ಕೆ ಬಾಯಿ ಬರುವುದಿಲ್ಲ. ಆಗ ಇಬ್ಬರ ಮನೆಯಲ್ಲೂ ಕ್ಯಾಮೆರಾ ಇರಲಿಲ್ಲ. ಕೇಳಿ ತಿಳಿಯೋಣವೆಂದರೆ ಆ ಗುಡ್ಡದಲ್ಲಿ ದನ ಕಾಯುತ್ತಿದ್ದವನು ತೀರಿಕೊಂಡಿದ್ದಾನೆ. ಕಾಟೇಜು ನೋಡಿಕೊಳ್ಳುವ ಹುಡುಗನನ್ನು ಹೋಗಿ ವಿಚಾರಿಸಿದರೆ, ಹಿಂದೆ ಇಲ್ಲಿ ಏನೂ ಇರಲಿಲ್ಲ ಸಾರ್, ಖಾಲಿ ಜಾಗ ಎಂದ. ಮುಂದಿನ ಹೂ 2034ಕ್ಕೆ. ಆಗ ಗೊತ್ತಾಗುತ್ತದೆ ಬಿಡಿ ಎನ್ನುತ್ತಾರೆ ಗೌಡರು. ಇಂಟರ್‌ಲಾಕ್ ಕಲ್ಲಿನ ಮೇಲೆ ಏನು ಗೊತ್ತಾಗುತ್ತದೆ ಗೌಡ್ರೇ ಎಂದರೆ, ಕಾಫಿ ಲೋಟ ಕೆಳಗಿಟ್ಟು ಬೋರರ್ ಔಷಧಿಯ ರೇಟಿನ ಮಾತು ತೆಗೆಯುತ್ತಾರೆ.